ಸುತ್ತಿ ಬಳಸಿ

ನಮ್ಮ ಊರಲ್ಲಿ ದಿನಕ್ಕೊಂದು ಪದ ರಜೆ ಹಾಕುತ್ತದೆ. ಬೆಳಕು ಹರಿಯುವಾಗ ಹೋದದ್ದು ಮರುದಿನ ಬೆಳಕು ಹರಿಯುವ ಹೊತ್ತಿಗೆ ವಾಪಸ್. ಅಷ್ಟರವರೆಗೆ ಊರ ಎಲ್ಲೆಯೊಳಗೆ ಅದು ಯಾರ ನಾಲಿಗೆಗೂ ಸಿಗುವುದಿಲ್ಲ, ಯಾರ ಪೆನ್ನಿಗೂ ಸಿಗುವುದಿಲ್ಲ. ವಸ್ತು ಕಣ್ಣೆದುರಿಗೇ ಇರುತ್ತದೆ, ಹೆಸರು ಮಾತ್ರ ಇರುವುದಿಲ್ಲ. ಯಾವ ಪದಕ್ಕೆ ರಜೆ ಅಂತ ಮೊದಲೇ ತಿಳಿಯುವ ದಾರಿಯಿಲ್ಲ. ಯಾರಾದರೂ ಮಾತಿನ ಮಧ್ಯೆ ಎಡವಬೇಕು, ಆಗ ಗೊತ್ತು. ಎಡವಿದವರು ಪೇಪರ್ ಏಜೆಂಟ್ ನಾಗಭೂಷಣನ ಅಂಗಡಿಗೆ ಬಂದು ತಿಳಿಸುತ್ತಾರೆ. ಅವನು ಹೋಗಿ ಬರುವವರಿಗೆಲ್ಲ, "ಬಿಳೀದು, ಪುಡಿ, ಸಾರಿಗೆ ಕಡಿಮೆಯಾದ್ರೆ ಗಂಡ ಮುಖ ಸಿಂಡರಿಸ್ತಾನಲ್ಲ, ಅದು ಇವತ್ತಿಲ್ಲ" ಎಂದು ಹೇಳಿ ಕಳಿಸುತ್ತಾನೆ. ಉಪ್ಪಿಗೆ ರಜೆಯಿದ್ದ ಆ ದಿನ ಯಾರ ಮನೆಯ ಸಾರೂ ಸಪ್ಪೆಯಾಗಲಿಲ್ಲ. ಕೆಲವು ದಿನ ಸಂಜೆಯವರೆಗೂ ಯಾರೂ ಎಡವುವುದಿಲ್ಲ. ಯಾರಿಗೂ ಬೇಡದ ಯಾವುದೋ ಪದ ತನ್ನ ಪಾಡಿಗೆ ಹೋಗಿ ಬಂದಿರುತ್ತದೆ.

ನನ್ನ ಅತ್ತೆ ಸರ್ವಮಂಗಳಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಒಂದು ದಿನ 'ಹಲೋ' ರಜೆ ಹಾಕಿತ್ತಂತೆ. ಇವರು ಫೋನ್ ಎತ್ತಿ "ಇದ್ದೀರಾ?" ಅಂದರಂತೆ. ಅದೇ ಚೆನ್ನಾಗಿದೆ ಅನ್ನಿಸಿ ರಿಟೈರ್ ಆಗುವವರೆಗೂ ಹಾಗೇ ಅನ್ನುತ್ತಿದ್ದರು. ಈಗಲೂ ಮೊಬೈಲ್ ರಿಂಗಾದರೆ "ಇದ್ದೀರಾ?" ಅಂತಲೇ ಶುರು.

ನನ್ನದು ಮಾರ್ಕೆಟ್ ರಸ್ತೆಯಲ್ಲಿ ಮ್ಯಾಚಿಂಗ್ ಸೆಂಟರ್. ಬ್ಲೌಸ್ ಪೀಸು, ಲೈನಿಂಗು, ಸೀರೆಯ ಫಾಲು, ದಾರ, ಗುಂಡಿ. ಹೆಸರು ನೀಲಾಂಬಿಕೆ, ಎಲ್ಲರೂ ಕರೆಯುವುದು ನೀಲಾ ಅಂತ. ಹೈಸ್ಕೂಲಿನಿಂದಲೂ ನನಗೆ ಪದಬಂಧದ ಹುಚ್ಚು. ಪೇಪರ್ ಬಂದ ಕೂಡಲೇ ಬೇರೆಯವರು ಮೊದಲ ಪುಟ ನೋಡಿದರೆ ನಾನು ಒಳಪುಟದ ಕಪ್ಪು ಬಿಳಿ ಚೌಕ ನೋಡುತ್ತೇನೆ. ಕೆಲವು ದಿನ ಒಂದು ಸಾಲು ಎಷ್ಟು ತಿಣುಕಿದರೂ ತುಂಬುವುದಿಲ್ಲ. ಆಗ ಪೇಪರನ್ನು ಮಡಿಸಿ ಗಲ್ಲಾದ ಮೇಲಿಟ್ಟು, ಮರುದಿನ ಅಂಗಡಿ ಬಾಗಿಲು ತೆಗೆದ ಕೂಡಲೇ ತುಂಬುತ್ತೇನೆ.

ನನ್ನ ಗಂಡ ವಿರೂಪಾಕ್ಷ ನೀರಿನ ಪಂಪಿನ ಕಂಪನಿಯೊಂದರ ಸೇಲ್ಸ್ ಕೆಲಸದಲ್ಲಿದ್ದ. ವಾರದಲ್ಲಿ ನಾಲ್ಕು ದಿನ ಪರವೂರು. ಒಮ್ಮೆ ಹೋದವನು ವಾಪಸ್ ಬರಲಿಲ್ಲ. ಅಲ್ಲೇ ಬೇರೊಬ್ಬಳ ಜೊತೆ ಮನೆ ಮಾಡಿದ್ದಾನೆ ಅಂತ ಆಮೇಲೆ ಅವನ ಸ್ನೇಹಿತನೊಬ್ಬ ಬಂದು ಹೇಳಿದ. ಅವತ್ತು ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು, ಬಂದವನಿಗೆ ಕಾಫಿ ಕೊಟ್ಟರು, ಕಳಿಸಿದರು. ನಾಲ್ಕೈದು ದಿನ ನಾವಿಬ್ಬರೂ ಒಂದೇ ಮನೆಯಲ್ಲಿ ಬೇರೆ ಬೇರೆ ಲಾಡ್ಜಿನಲ್ಲಿ ಇರುವವರಂತೆ ಇದ್ದೆವು. ಆಮೇಲೊಂದು ಸಂಜೆ ನಾನು ಪೇಪರ್ ಹಿಡಿದು ಸುಮ್ಮನೆ ಕೂತಿದ್ದಾಗ ಅವರು ಬಂದು ಪಕ್ಕದಲ್ಲಿ ಕೂತು, ಕನ್ನಡಕ ಏರಿಸಿ, "ಮೇಲಿಂದ ಕೆಳಕ್ಕೆ ಏಳು, ಅದೇನದು? ಓದು" ಅಂದರು.

ಅವತ್ತಿನಿಂದ ದಿನಾ ಸಂಜೆ ಜೊತೆಗೇ ಬಿಡಿಸಿದೆವು. ವಿರೂಪಾಕ್ಷನ ಹೆಸರು ಇಬ್ಬರೂ ಎತ್ತಲಿಲ್ಲ. ಅವರು ಯಾಕೆ ಇಲ್ಲೇ ಉಳಿದರು, ರಾಜಧಾನಿಯಲ್ಲಿರುವ ಮಗಳು ಪಂಕಜಾಳ ಮನೆಗೆ ಯಾಕೆ ಹೋಗಲಿಲ್ಲ ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹೀಗೆ ಕೆಲವು ವರ್ಷ ಕಳೆದ ಮೇಲೆ ಡೈವೋರ್ಸ್ ಆಯಿತು. ಜಡ್ಜ್ ಎದುರು ನಾನು ಸಹಿ ಹಾಕಿ ಬಂದ ದಿನ ಅತ್ತೆ ಚಪಾತಿ ಮಾಡಿದ್ದರು. ಊಟ ಮಾಡಿದೆವು. ಆ ದಿನದಿಂದ ನನಗೆ ಅವರನ್ನು 'ಅತ್ತೆ' ಅಂತ ಕರೆಯಲು ಬಾಯಿ ಬರಲಿಲ್ಲ. ಯಾವ ಲೆಕ್ಕದಲ್ಲಿ ಕರೆಯುವುದು? "ಕಾಫಿ ಆಯ್ತು", "ಇಲ್ನೋಡಿ", "ಮಾತ್ರೆ ತಗೊಂಡ್ರಾ" ಎಂದು ಹೇಗೋ ದಾಟಿಸಿಕೊಂಡು ಹೋಗುತ್ತಿದ್ದೆ. ಬೇರೆ ಊರಾಗಿದ್ದರೆ ಯಾರಾದರೂ ಗಮನಿಸುತ್ತಿದ್ದರೇನೋ. ನಮ್ಮಲ್ಲಿ ಹಾಗೆ ಮಾತಾಡುವುದೇ ರೂಢಿ.

ಪಂಕಜಾ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದಳು. "ಅಮ್ಮ, ಇನ್ನೇನು ಉಳಿದಿದೆ ಅಲ್ಲಿ? ರೂಮು ರೆಡಿ ಮಾಡಿಟ್ಟಿದ್ದೀನಿ" ಅನ್ನುವುದು ನನಗೂ ಕೇಳಿಸುತ್ತಿತ್ತು. ಅತ್ತೆ "ನೋಡೋಣ ಕಣೇ" ಅಂದು ಫೋನ್ ಇಡುತ್ತಿದ್ದರು.

ಹೀಗಿರುವಾಗ ಟಿವಿಯವರು ಬಂದರು. 'ಸುತ್ತಿ ಬಳಸಿ' ಅಂತ ಒಂದು ಆಟದ ಕಾರ್ಯಕ್ರಮ ಬರುತ್ತಿತ್ತಲ್ಲ, ಇಬ್ಬರ ಜೋಡಿ, ಒಬ್ಬರಿಗೆ ಕಾರ್ಡಿನಲ್ಲಿ ಒಂದು ಪದ ತೋರಿಸುತ್ತಾರೆ, ಅವರು ಆ ಪದ ಹೇಳದೆ ಅದನ್ನು ಬಣ್ಣಿಸಬೇಕು, ಇನ್ನೊಬ್ಬರು ಊಹಿಸಬೇಕು. ಅದರ ಆಡಿಷನ್ ನಮ್ಮ ಊರಿನ ಸಮುದಾಯ ಭವನದಲ್ಲಿ ಅಂತ ಮೈಕ್ ಕಟ್ಟಿದ ವ್ಯಾನು ಎರಡು ದಿನ ಸುತ್ತಿತು. ಊರೆಲ್ಲ ನಕ್ಕಿತು. ನಾವು ಹೊಟ್ಟೆಪಾಡಿಗೆ ಮಾಡುವುದನ್ನು ಇವರು ಆಟ ಅಂತ ತೋರಿಸುತ್ತಾರಲ್ಲ ಅಂತ. ನನಗೆ ಮಾತ್ರ ನಗು ಬರಲಿಲ್ಲ. ಇಷ್ಟು ವರ್ಷ ಚೌಕ ತುಂಬಿದ್ದೇನೆ, ಯಾರೂ ನೋಡಿಲ್ಲ. ಒಂದು ಸಲ ಯಾರಾದರೂ ನೋಡಲಿ ಅನ್ನಿಸಿತು. ಆ ವರ್ಷ ಊರಿನವರು ನನ್ನನ್ನು ನೋಡುತ್ತಿದ್ದುದೆಲ್ಲ ಅಯ್ಯೋ ಪಾಪ ಅಂತಲೇ. ಅದು ಸಾಕಾಗಿತ್ತು.

ಒಂದೇ ಷರತ್ತು. ಜೋಡಿ ಒಂದೇ ಮನೆಯವರಾಗಿರಬೇಕು, ಸಂಬಂಧಿಕರಾಗಿರಬೇಕು.

ಸಂಜೆ ಪದಬಂಧ ಬಿಡಿಸುವಾಗ ಹೇಳಿದೆ. "ಸಮುದಾಯ ಭವನದಲ್ಲಿ ಏನೋ ಇದೆಯಂತೆ. ಜೋಡಿ ಬೇಕಂತೆ."

ಅತ್ತೆ ಚೌಕದಿಂದ ಕಣ್ಣು ತೆಗೆಯಲಿಲ್ಲ. "ಎಷ್ಟು ಗಂಟೆಗಂತೆ?"

"ಹತ್ತಕ್ಕೆ."

"ಹಾಗಾದ್ರೆ ತಿಂಡಿ ಬೇಗ ಮಾಡ್ಬೇಕು. ಉಪ್ಪಿಟ್ಟು ಸಾಕಲ್ವಾ?"

ಅಷ್ಟಕ್ಕೆ ತೀರ್ಮಾನವಾಯಿತು.

ಆಡಿಷನ್ ದಿನ ಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಡುವವರಿಗಿಂತ ನೋಡುವವರೇ ಹೆಚ್ಚು. ನಾಗಭೂಷಣ ಮುಂದಿನ ಸಾಲಿನಲ್ಲೇ ಕುರ್ಚಿ ಹಿಡಿದಿದ್ದ. ಬೆಳಗ್ಗೆಯಿಂದ ಯಾರೂ ಎಡವಿರಲಿಲ್ಲ, ಯಾವ ಪದಕ್ಕೆ ರಜೆ ಅಂತ ಗೊತ್ತಾಗಿರಲಿಲ್ಲ, ಅದಕ್ಕೇ ಅವನಿಗೆ ಚಡಪಡಿಕೆ. ವೇದಿಕೆಯ ಮೇಲೆ ಎರಡು ಕ್ಯಾಮೆರಾ, ಒಂದು ಮೇಜು. ಅದರ ಹಿಂದೆ ಹಂಸಿನಿ ಅನ್ನುವ ಹುಡುಗಿ, ಕಾರ್ಯಕ್ರಮದ ಮುಖ್ಯಸ್ಥೆ ಅವಳೇ. ರಾಜಧಾನಿಯವಳು. ಮಾತು ಚುರುಕು, ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು.

ನಮ್ಮ ಸರದಿ ಬಂತು. ಹೆಸರು ಕೇಳಿದಳು, ಹೇಳಿದೆವು. ಅಂಗಡಿ ಕೇಳಿದಳು, ಹೇಳಿದೆ. ಆಮೇಲೆ ಅತ್ತೆಯ ಕಡೆ ತಿರುಗಿ, "ಅಮ್ಮಾ, ಇವರು ನಿಮಗೆ ಏನಾಗಬೇಕು?" ಅಂದಳು.

ಈ ಪ್ರಶ್ನೆ ಬರುತ್ತದೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ಅತ್ತೆ ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು. ಭವನದಲ್ಲಿದ್ದವರಿಗೆಲ್ಲ ನನ್ನ ಡೈವೋರ್ಸ್ ಗೊತ್ತಿತ್ತು. ನನ್ನ ಕಿವಿ ಬಿಸಿಯಾಯಿತು. ಸರಿ, ಇವರಿಗೂ ಹೇಳಲು ಆಗುತ್ತಿಲ್ಲ, ಯಾವ ಲೆಕ್ಕದಲ್ಲಿ ಹೇಳುತ್ತಾರೆ ಪಾಪ, ನಾನೇ ಏನಾದರೂ ಹೇಳಿಬಿಡೋಣ ಅಂತ ಬಾಯಿ ತೆಗೆದೆ. ನೋಡಿದರೆ ನನಗೂ ಇಲ್ಲ. ನಾಲಿಗೆ ಹೋಗಿ ತಡವಿದ ಜಾಗ ಖಾಲಿ. ಆಗ ಗೊತ್ತಾಯಿತು.

'ಸೊಸೆ' ಅವತ್ತು ರಜೆ ಹಾಕಿತ್ತು.

ಅತ್ತೆಗೂ ಅದೇ ಕ್ಷಣಕ್ಕೆ ಗೊತ್ತಾಗಿರಬೇಕು. ಅವರ ಮುಖ ಸಡಿಲವಾಯಿತು. ಸೆರಗು ಸರಿಮಾಡಿಕೊಂಡು, ಎಕ್ಸ್‌ಚೇಂಜಿನ ಆ ಹಳೆಯ ಸ್ಪಷ್ಟ ದನಿಯಲ್ಲಿ ಹೇಳಿದರು. "ಮಗ ಬಿಟ್ಟುಹೋದ ಮೇಲೂ ಮನೇಲಿ ಉಳಿದವಳು. ಎರಡಕ್ಷರ."

ಹಂಸಿನಿ ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಮಗಳಾ?"

"ಅಲ್ಲ. ಅದು ಮೂರಕ್ಷರ. ಅವಳು ಬೇರೆ ಇದ್ದಾಳೆ. ಇವಳು ಎರಡಕ್ಷರ."

ಹಂಸಿನಿಗೆ ಅರ್ಥವಾಯಿತು, ಆದರೆ ಹೇಳಲು ಹೋದರೆ ಅವಳಿಗೂ ಬರಲಿಲ್ಲ. ಕ್ಯಾಮೆರಾದವನ ಕಡೆ ನೋಡಿದಳು, ಅವನೂ ತಲೆ ಕೆರೆದುಕೊಂಡ. ನಾಗಭೂಷಣ ಕುರ್ಚಿಯಿಂದ ಎದ್ದೇಬಿಟ್ಟ. "ಸಿಕ್ತು! ಇವತ್ತಿಂದು ಅದೇ! ಇಷ್ಟು ಮನೆ ಇರೋ ಊರಲ್ಲಿ ಹತ್ತು ಗಂಟೆ ದಾಟಿದ್ರೂ ಯಾರಿಗೂ ಗೊತ್ತಾಗ್ಲಿಲ್ವಲ್ಲ. ಎಲ್ಲಾ ಅತ್ತೆಯಂದಿರೂ ಹೆಸರು ಹಿಡಿದೇ ಬೈತಾರೆ ಅಂತಾಯ್ತು."

ಭವನ ನಕ್ಕಿತು, ಚಪ್ಪಾಳೆ ಬಿತ್ತು. ನಾನು ನಗಲಿಲ್ಲ. 'ಉಳಿದವಳು' ಅನ್ನುವ ಮಾತಿನಲ್ಲೇ ಸಿಕ್ಕಿಕೊಂಡಿದ್ದೆ.

ಆಟ ನೀರು ಕುಡಿದಂತೆ ಆಯಿತು. "ಹೊಟ್ಟೆ ಬಿಸಿ, ಸುಕ್ಕು ಕಂಡ್ರೆ ಆಗಲ್ಲ" ಅಂದರು ಅತ್ತೆ, ಇಸ್ತ್ರಿಪೆಟ್ಟಿಗೆ ಅಂದೆ. "ಮನೆ ನಮ್ಮದಲ್ಲ ಅಂತ ತಿಂಗಳಿಗೊಮ್ಮೆ ನೆನಪು ಮಾಡೋದು" ಅಂದರು, ಬಾಡಿಗೆ ಅಂದೆ. "ನಾನು ಎಡಗೈ ಎತ್ತಿದ್ರೆ ಅವಳು ಬಲಗೈ ಎತ್ತುತ್ತಾಳೆ" ಅಂದೆ ನಾನು, ಕನ್ನಡಿ ಅಂದರು ಅವರು. ನಮ್ಮೂರಿನವರ ನಾಲಿಗೆ ಕತ್ತಲಲ್ಲಿ ಮೆಟ್ಟಿಲಿಳಿಯುವವರ ಕಾಲಿದ್ದ ಹಾಗೆ, ಮುಂದೆ ಇದೆಯೋ ಇಲ್ಲವೋ ಅಂತ ಮೊದಲು ತಡವಿ ನೋಡಿಯೇ ಹೆಜ್ಜೆ ಇಡುತ್ತದೆ. ಪದ ಬಾಯಿಗೆ ಬರುವ ಮೊದಲೇ ಸುತ್ತುದಾರಿ ಸಿದ್ಧವಿರುತ್ತದೆ. ಸಂಜೆ ಹಂಸಿನಿಯೇ ಮನೆಗೆ ಬಂದು, ಇಡೀ ಜಿಲ್ಲೆಯಿಂದ ನೀವೇ ಆಯ್ಕೆ, ಮುಂದಿನ ಸುತ್ತು ರಾಜಧಾನಿಯ ಸ್ಟುಡಿಯೋದಲ್ಲಿ ಅಂದಳು. ಹೋಗುವಾಗ ಅತ್ತೆಯ ಕೈ ಹಿಡಿದು, "ಅಲ್ಲಿ ನಿರೂಪಕರು ಇದೇ ಪ್ರಶ್ನೆ ಕೇಳ್ತಾರೆ ಅಮ್ಮಾ. ನೀವು ಇದೇ ಉತ್ತರ ಕೊಡ್ಬೇಕು, ಮರೀಬೇಡಿ" ಅಂದಳು.

ಸ್ಟುಡಿಯೋಗೆ ಇನ್ನೂ ಒಂದು ವಾರವಿರುವಾಗಲೇ ಪಂಕಜಾ ಕರೆಸಿಕೊಂಡಳು. ಒಂದು ದೊಡ್ಡ ಬ್ಯಾಗಿನಲ್ಲಿ ಇಬ್ಬರ ಬಟ್ಟೆಯನ್ನೂ ತುಂಬಿಕೊಂಡು ಹೊರಟೆವು.

ಅತ್ತೆ ಊರ ಎಲ್ಲೆ ದಾಟಿ ಬಹಳ ವರ್ಷವಾಗಿತ್ತು. ಪಂಕಜಾಳ ಅಪಾರ್ಟ್‌ಮೆಂಟಿನಲ್ಲಿ ಮೊದಲ ದಿನ ಅವರು ಎಚ್ಚರಿಕೆಯಿಂದಲೇ ಮಾತಾಡಿದರು. ಎರಡನೆಯ ದಿನ ತರಕಾರಿ ತರಲು ಮಗಳ ಜೊತೆ ಹೋದವರು ಅಲ್ಲಿದ್ದ ಒಂದೊಂದನ್ನೂ ಮುಟ್ಟಿ ಮುಟ್ಟಿ ಹೆಸರು ಹೇಳಿ ಬಂದರಂತೆ. ಯಾವುದೂ ಕೈಕೊಡುತ್ತಿರಲಿಲ್ಲ. ಮೂರು ನಾಲ್ಕು ದಿನ ಕಳೆಯುವಷ್ಟರಲ್ಲಿ ಲಿಫ್ಟಿನ ಹತ್ತಿರ ಸಿಗುವ ಹೆಂಗಸರ ಜೊತೆ ಗಂಟೆಗಟ್ಟಲೆ ಹರಟೆ. ಎಷ್ಟು ಸಲೀಸಾಗಿ ಮಾತಾಡುತ್ತಿದ್ದರು ಅಂದರೆ, ಇವರಿಗೆ ಇಷ್ಟು ಮಾತಿತ್ತಾ ಅನ್ನಿಸಿತು ನನಗೆ.

ಅವರ ರೂಮನ್ನೂ ನೋಡಿದೆ. ಹೊಸ ಹಾಸಿಗೆ, ಕಿಟಕಿಗೆ ತೆಳು ಪರದೆ, ಮೂಲೆಯಲ್ಲೊಂದು ಕುರ್ಚಿ. ಬಚ್ಚಲಿನ ಗೋಡೆಗೆ, ಅಮ್ಮ ಹಿಡಿದುಕೊಂಡು ಏಳಲೆಂದು, ಪಂಕಜಾ ಸ್ಟೀಲ್ ಸರಳು ಹಾಕಿಸಿದ್ದಳು. ನಮ್ಮ ಮನೆಯ ಬಚ್ಚಲಿನಲ್ಲಿ ಅತ್ತೆ ನಲ್ಲಿ ಹಿಡಿದು ಏಳುತ್ತಿದ್ದರು. ನನಗೆ ಇಷ್ಟು ವರ್ಷ ಅದು ಹೊಳೆದೇ ಇರಲಿಲ್ಲ. ಆ ಸರಳನ್ನು ನೋಡಿದಾಗಲೇ, ಇವರು ಇರಬೇಕಾದ ಜಾಗ ಇದೇ ಅಂತ ಅರ್ಧ ಮನಸ್ಸು ಮಾಡಿಕೊಂಡೆ.

ಸ್ಟುಡಿಯೋದಲ್ಲಿ ಎಸಿ ತಣ್ಣಗೆ ಕೊರೆಯುತ್ತಿತ್ತು. ನಮಗೆ ಪೌಡರ್ ಬಳಿದು, ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ನಿರೂಪಕ ಹಲ್ಲೆಲ್ಲ ತೋರಿಸಿ ನಗುತ್ತಾ ಬಂದು, "ಸರ್ವಮಂಗಳಮ್ಮನವರೇ, ಈ ನೀಲಾ ನಿಮಗೆ ಏನಾಗಬೇಕು?" ಅಂದ. ಕ್ಯಾಮೆರಾದ ಹಿಂದೆ ಹಂಸಿನಿ ಎರಡು ಬೆರಳು ಎತ್ತಿ ತೋರಿಸಿದಳು, ಎರಡಕ್ಷರ ಅಂತ.

ಅತ್ತೆ, "ಸೊಸೆ" ಅಂದರು. ಒಂದು ಉಸಿರು ಬಿಟ್ಟು, "ಆಗಿದ್ದಳು. ಈಗ ಡೈವೋರ್ಸ್ ಆಗಿದೆ" ಅಂದರು.

ಅದರಲ್ಲಿ ಸುಳ್ಳೇನಿರಲಿಲ್ಲ. ಹೇಳಿದ ರೀತಿಯೂ ಕಟುವಾಗಿರಲಿಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದ್ದರು, ಪದಗಳೆಲ್ಲ ಕೈಗೆ ಸಿಗುವ ಹಾಗಿದ್ದವು, ಹೇಳಿದರು. ಆದರೂ ನನಗೆ ಕುರ್ಚಿ ಇನ್ನಷ್ಟು ಎತ್ತರವಾದಂತೆ ಆಯಿತು. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ನಿರೂಪಕ "ಓಹೋ" ಅಂದ. ಹಂಸಿನಿ ಬೆರಳು ಇಳಿಸಿದಳು.

ಮೊದಲ ಕಾರ್ಡ್ ಅತ್ತೆಗೆ ತೋರಿಸಿದರು. ಅವರು ಅದನ್ನು ನೋಡಿ, ನನ್ನ ಕಡೆ ತಿರುಗಿ, ಜೋರಾಗಿ "ಹಪ್ಪಳ" ಅಂದರು.

ಸ್ಟುಡಿಯೋದಲ್ಲಿ ಬಝರ್ ಕಿರುಚಿತು. ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡರು. ಪದ ಹೇಳಿಬಿಟ್ಟರೆ ಆ ಕಾರ್ಡ್ ಹೋಯಿತು ಅಂತ ಲೆಕ್ಕ. ಎರಡನೆಯದು ಬಂತು. "ಇದು ಸೂಜಿ..." ಅಂತಲೇ ಶುರು ಮಾಡಿದರು. ಮತ್ತೆ ಬಝರ್. ಆಮೇಲೆ ನನ್ನ ಸರದಿ. ನಾನಾದರೂ ಸರಿಮಾಡೋಣ ಅಂತ ಕಾರ್ಡ್ ನೋಡಿದೆ, ಏಣಿ ಅಂತ ಇತ್ತು. ಸುತ್ತಲು ದಾರಿ ಹುಡುಕಿದೆ. ಒಂದು ವಾರ ಅಲ್ಲಿದ್ದು ನನ್ನ ನಾಲಿಗೆಯೂ ತಡವುವುದನ್ನು ಮರೆತಿತ್ತು. 'ಏಣಿ' ಹಲ್ಲಿನ ಹಿಂದೆಯೇ ಬಂದು ನಿಂತಿತ್ತು. "ಹತ್ತೋದು, ಗೋಡೆಗೆ ಏಣಿ ಇಡ್ತೀವಲ್ಲ" ಅಂದುಬಿಟ್ಟೆ.

ಮೂರು ಕಾರ್ಡಿಗೇ ನಮ್ಮ ಆಟ ಮುಗಿಯಿತು. ಮೊದಲು ಹೊರಗೆ ಬಂದ ಜೋಡಿ ನಮ್ಮದೇ. ಹಂಸಿನಿ ಬಾಗಿಲವರೆಗೆ ಬಂದು, "ಆ ಊರಲ್ಲಿ ಅಷ್ಟು ಚೆನ್ನಾಗಿ ಆಡಿದ್ರಿ, ಇಲ್ಲೇನಾಯ್ತಮ್ಮಾ?" ಅಂತ ಬೇಸರದಿಂದ ಕೇಳಿದಳು.

"ಇಲ್ಲಿ ಎಲ್ಲಾ ಇದೆಯಲ್ಲಮ್ಮ, ಅದಕ್ಕೇ" ಅಂದರು ಅತ್ತೆ.

ಆಟೋದಲ್ಲಿ ಅವರು ನಗತೊಡಗಿದರು. "ಹಪ್ಪಳ ಅಂದ್ಬಿಟ್ನಲ್ಲೇ! ಎಣ್ಣೆಗೆ ಬಿಟ್ಟ ತಕ್ಷಣ ಅರಳುತ್ತಲ್ಲ, ಹಾಗೆ ಅಂದ್ಬಿಟ್ಟೆ" ಅಂತ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೂ ನಗು ಬಂತು. ಆದರೆ 'ಆಗಿದ್ದಳು' ಅನ್ನುವುದು ಕಿವಿಯಲ್ಲೇ ಇತ್ತು. ಆ ರಾತ್ರಿ ದೊಡ್ಡ ಬ್ಯಾಗಿನಿಂದ ನನ್ನ ಬಟ್ಟೆಗಳನ್ನು ಮಾತ್ರ ತೆಗೆದು ಒಂದು ಕ್ಯಾರಿಬ್ಯಾಗಿಗೆ ಹಾಕಿಕೊಂಡೆ. ಬ್ಯಾಗನ್ನು ಅವರ ರೂಮಿನ ಕಪಾಟಿನ ಕೆಳಗೆ ಇಟ್ಟೆ.

ಬೆಳಗ್ಗೆ ಪಂಕಜಾ ಕಾರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಡಲು ಹೊರಟಳು. ಅತ್ತೆಯೂ ಹತ್ತಿದರು. ಕಳಿಸಿಕೊಡಲು ಬರುತ್ತಿದ್ದಾರೆ ಅಂದುಕೊಂಡೆ. ನಮ್ಮ ಊರಿನ ಬಸ್ಸು ಇನ್ನೂ ಬಂದಿರಲಿಲ್ಲ. ಪಂಕಜಾ ನೀರು ತರುತ್ತೇನೆಂದು ಅಂಗಡಿಯ ಕಡೆ ಹೋದಳು. ಸಿಮೆಂಟ್ ಬೆಂಚಿನ ಮೇಲೆ ನಾವಿಬ್ಬರೇ ಉಳಿದೆವು.

ಇಷ್ಟು ವರ್ಷ ಸುತ್ತಿ ಬಳಸಿದ್ದು ಸಾಕು ಅನ್ನಿಸಿತು. ಇಲ್ಲಿ ಎಲ್ಲ ಪದಗಳೂ ಸಿಗುತ್ತವೆ, ಬಸ್ಸು ಹತ್ತಿದ ಮೇಲೆ ಸಿಗುತ್ತವೋ ಇಲ್ಲವೋ.

"ಅತ್ತೆ" ಅಂದೆ.

ಅವರು ತಿರುಗಿ ನೋಡಿದರು. ಆ ಪದ ಕೇಳಿ ಅವರಿಗೂ ಬಹಳ ತಿಂಗಳಾಗಿತ್ತು.

"ನೀವು ಇಷ್ಟು ದಿನ ನನ್ನ ಜೊತೆ ಯಾಕಿದ್ರಿ? ನಿಮ್ಮ ಮಗ ಮಾಡಿದ್ದಕ್ಕೆ ಪ್ರಾಯಶ್ಚಿತ್ತ ಅಂತ ಇದ್ದಿದ್ರೆ, ಅದು ಮುಗೀತು. ನನಗೆ ಬೇಜಾರಿಲ್ಲ. ಪಂಕಜಾ ಚೆನ್ನಾಗಿ ನೋಡ್ಕೋತಾಳೆ. ಇಲ್ಲೇ ಇರಿ."

ಅತ್ತೆ ಎದುರಿಗೆ ನಿಂತಿದ್ದ ಬಸ್ಸುಗಳ ಬೋರ್ಡುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಹೇಳಿದರು, "ಮೊದಲ ವರ್ಷ ಅದಕ್ಕೇ ಇದ್ದೆ. ನಾಚಿಕೆ ಆಗೋದು ನಿನ್ನ ಮುಖ ನೋಡಕ್ಕೆ, ಬಿಟ್ಟು ಹೋದ್ರೆ ಇನ್ನೂ ನಾಚಿಕೆ. ಆಮೇಲೆ ರೂಢಿ ಆಯ್ತು. ಈಗ ನಾಚಿಕೇನೂ ಇಲ್ಲ, ರೂಢಿನೂ ಅಲ್ಲ. ನನಗೆ ಅಲ್ಲಿ ಇಷ್ಟ. ನಿನ್ನ ಜೊತೆ ಇಷ್ಟ."

"ಮತ್ತೆ ನಿನ್ನೆ ಆಗಿದ್ದಳು ಅಂದ್ರಿ."

"ಆಗಿದ್ದೆ ತಾನೇ? ಈಗ ಏನಾಗ್ಬೇಕು ಅಂತ ಅವನು ಕೇಳ್ಲಿಲ್ಲ. ಬಝರ್ ಒತ್ತೋದ್ರಲ್ಲೇ ಇದ್ದ." ಕಾಲು ಚಾಚಿಕೊಂಡು, "ಬ್ಯಾಗು ಕಾರಿನ ಡಿಕ್ಕೀಲಿದೆ. ಪಂಕಜಾಗೆ ನಿನ್ನೆನೇ ಹೇಳಿದೀನಿ. ಪಾಪ, ಅತ್ತಳು. ದೀಪಾವಳಿಗೆ ಬಂದು ಒಂದು ತಿಂಗಳು ಇರ್ತೀನಿ ಅಂದೆ" ಅಂದರು.

"ನನಗೆ ಹೇಳ್ಲೇ ಇಲ್ವಲ್ಲ ಅತ್ತೆ?"

"ನೀನು ಕೇಳ್ಲೇ ಇಲ್ವಲ್ಲ."

ಪಂಕಜಾ ವಾಪಸ್ ಬಂದಳು. ಕಣ್ಣು ಊದಿಕೊಂಡಿತ್ತು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಎರಡು ನೀರಿನ ಬಾಟಲಿ. ನನ್ನ ಪಕ್ಕ ಬಾಟಲಿ ಇಟ್ಟು, "ನೀಲಕ್ಕ, ಬಚ್ಚಲಿಗೆ ಒಂದು ಸರಳು ಹಾಕ್ಸಿ" ಅಂದಳು. ಹೂಂ ಅಂದೆ. ಅವಳು ನನ್ನ ಭುಜ ಅದುಮಿದಳು. ನಾನು ಕರ್ಚೀಫು ತೆಗೆದು ಕಣ್ಣೊರೆಸಿಕೊಂಡೆ.

"ಅಳೋದು ಆಮೇಲೆ. ಬಸ್ಸು ಬಂತು, ಸೀಟು ಹಿಡಿ ಹೋಗು" ಅಂದರು ಅತ್ತೆ.

ಜನ ಬಾಗಿಲಿಗೆ ಮುತ್ತಿದ್ದರು. ನಾನು ಅತ್ತ ಹೋಗದೆ, ಬಸ್ಸಿನ ಪಕ್ಕಕ್ಕೆ ಓಡಿ, ತುದಿಗಾಲಲ್ಲಿ ನಿಂತು, ತೆರೆದ ಕಿಟಕಿಯೊಳಗೆ ಕೈ ಹಾಕಿ, ಒಂದು ಸೀಟಿನ ಮೇಲೆ ನನ್ನ ಕರ್ಚೀಫು, ಅದರ ಪಕ್ಕದ ಸೀಟಿನ ಮೇಲೆ ಕ್ಯಾರಿಬ್ಯಾಗು ಹಾಕಿದೆ.